ಗರ್ಭಕೋಶ ಜಾರಿದರೆ ತೆಗೆಯಲೇಬೇಕೆ? ಡಾ. ಶಿರೋಡ್ಕರ್ ಅವರ ಬದುಕು ಮತ್ತು ಒಳಗೆ ಅಡಗಿರುವ ಕಾಯಿಲೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ನಡುವಯಸ್ಸು ದಾಟಿದ ಹೆಂಗಸರು ತಮ್ಮತಮ್ಮಲ್ಲೇ ದನಿ ತಗ್ಗಿಸಿ ಹೇಳಿಕೊಳ್ಳುವ ಒಂದು ತೊಂದರೆ ಇದೆ. ಗರ್ಭಕೋಶ ಜಾರಿದೆ, ಇಳಿದಿದೆ ಅಂತಾರೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತಾಗ, ಹಸುವಿಗೆ ಹುಲ್ಲು ಕೊಯ್ದು ತಂದಾಗ, ಕೆಮ್ಮಿದಾಗ ಕೆಳಗೆ ಏನೋ ಉಂಡೆ ಬಂದಂತಾಗುತ್ತದೆ. ರಾತ್ರಿ ಮಲಗಿದರೆ ಒಳಗೆ ಹೋಗುತ್ತದೆ, ಬೆಳಗ್ಗೆ ಎದ್ದು ಕಸ ಗುಡಿಸುವ ಹೊತ್ತಿಗೆ ಮತ್ತೆ ಹಾಜರು. ಗಂಡನಿಗೂ ಹೇಳದೆ ಹತ್ತು ವರ್ಷ ತಳ್ಳಿದವರಿದ್ದಾರೆ.

ಇದರ ಸುತ್ತ ಎರಡು ನಂಬಿಕೆಗಳಿವೆ. ಒಂದು, ಜಾರಿದ ಗರ್ಭಕೋಶ ಕೆಟ್ಟುಹೋದದ್ದು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಮಕ್ಕಳಾದ ಮೇಲೆ ಅದರಿಂದ ಉಪಯೋಗವೂ ಇಲ್ಲ, ತೆಗೆಸಿಬಿಡಬೇಕು ಎಂಬುದು. ಇನ್ನೊಂದು ಇದಕ್ಕೆ ತದ್ವಿರುದ್ಧ: ಇದು ಬರೀ ಸಡಿಲ ಬಿದ್ದದ್ದು, ಎತ್ತಿ ಕಟ್ಟಿದರೆ ಮುಗಿಯಿತು, ಒಳಗೆ ಬೇರೇನೂ ಇರುವುದಿಲ್ಲ ಎಂಬುದು. ಎರಡೂ ತಪ್ಪು. ಯಾಕೆ ತಪ್ಪು ಎಂದು ಹೇಳಲು ನಾವು ಈ ಸಲ ಒಬ್ಬ ವೈದ್ಯರ ಬದುಕಿನ ದಾರಿ ಹಿಡಿದಿದ್ದೇವೆ. ಜಗತ್ತಿನ ಯಾವ ಹೆರಿಗೆ ಆಸ್ಪತ್ರೆಗೆ ಹೋದರೂ ಅವರ ಹೆಸರಿನ ಒಂದು ಹೊಲಿಗೆ ಇದೆ. ಆದರೆ ಅವರು ಜಾರಿದ ಗರ್ಭಕೋಶಕ್ಕಾಗಿ ಮಾಡಿದ ಕೆಲಸ ವೈದ್ಯರನ್ನು ಬಿಟ್ಟರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಶಿರೋಡಾದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಬೊಂಬಾಯಿ

ವಿಠ್ಠಲ ನಾಗೇಶ ಶಿರೋಡ್ಕರ್ ಹುಟ್ಟಿದ್ದು 1899ರ ಏಪ್ರಿಲ್ 27ರಂದು, ಗೋವಾದ ಶಿರೋಡಾ ಎಂಬ ಹಳ್ಳಿಯಲ್ಲಿ. ಮನೆತನದ ಹೆಸರು ಬಂದದ್ದೂ ಆ ಊರಿನಿಂದಲೇ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಹುಡುಗನ ಶಾಲೆ ಓದು ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿ ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ ಓದಿದವರು ಮುಂದಿನ ಓದಿಗೆ ಬೊಂಬಾಯಿಯತ್ತ ಮುಖ ಮಾಡುವುದು ಸಹಜವಾಗಿತ್ತು. ಶಿರೋಡ್ಕರ್ ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜು ಸೇರಿದರು. 1845ರಲ್ಲಿ ಶುರುವಾದ ಈ ಕಾಲೇಜು ಜೆ.ಜೆ. ಆಸ್ಪತ್ರೆಗೆ ಹೊಂದಿಕೊಂಡಿದೆ.

1923ರಲ್ಲಿ ಎಂಬಿಬಿಎಸ್, 1927ರಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಎಂ.ಡಿ. ಆಮೇಲೆ ಇಂಗ್ಲೆಂಡಿಗೆ ಹೋಗಿ 1931ರಲ್ಲಿ ಎಫ್‌ಆರ್‌ಸಿಎಸ್ ಪಡೆದರು. ವಾಪಸು ಬಂದು ತಾವು ಓದಿದ ಕಾಲೇಜಿನಲ್ಲೇ ಪಾಠ ಹೇಳುತ್ತ, ಶಸ್ತ್ರಚಿಕಿತ್ಸೆ ಮಾಡುತ್ತ ಪ್ರಾಧ್ಯಾಪಕರಾದರು.

ಇಲ್ಲಿವರೆಗೆ ಹೇಳಿದ್ದು ಆ ಕಾಲದ ಯಾವ ಜಾಣ ವೈದ್ಯನಿಗೂ ಒಪ್ಪುವ ಕಥೆ. ಶಿರೋಡ್ಕರ್ ಬೇರೆಯಾಗುವುದು ಮುಂದೆ. ಇಂಗ್ಲೆಂಡಿನ ಪುಸ್ತಕ ಓದಿ ಕಲಿತ ಆಪರೇಷನ್ ನಮ್ಮ ಹೆಂಗಸರಿಗೆ ಸರಿಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ.

ಗರ್ಭಕೋಶ ಜಾರುವುದು ಅಂದರೆ ಏನು?

ಗರ್ಭಕೋಶ ಹೊಟ್ಟೆಯ ಕೆಳಭಾಗದಲ್ಲಿ ಸುಮ್ಮನೆ ಕೂತಿರುವುದಿಲ್ಲ. ಅದನ್ನು ತೂಗುಹಾಕಿರುವುದು ಒಂದಷ್ಟು ನಾರಿನ ಕಟ್ಟುಗಳು. ಕೆಳಗಿನಿಂದ ಹೊತ್ತುಕೊಂಡಿರುವುದು ಕಿಬ್ಬೊಟ್ಟೆಯ ತಳದ ಸ್ನಾಯು. ಮನೆಯ ಜಂತೆಗೆ ಕಟ್ಟಿದ ತೊಟ್ಟಿಲನ್ನು ನೆನಪಿಸಿಕೊಳ್ಳಿ. ಹಗ್ಗ ಸಡಿಲವಾದರೆ ತೊಟ್ಟಿಲು ಕೆಳಗೆ ಬರುತ್ತದೆ. ಅದಕ್ಕೆ ತೊಟ್ಟಿಲು ಮುರಿದಿದೆ ಎಂದು ಅರ್ಥವಲ್ಲ.

ಹಗ್ಗ ಸಡಿಲವಾಗುವುದಕ್ಕೆ ಕಾರಣಗಳು ಹಲವು. ಮುಖ್ಯವಾದದ್ದು ಹೆರಿಗೆ: ಸಣ್ಣ ವಯಸ್ಸಿನಲ್ಲಿ, ಮೇಲಿಂದ ಮೇಲೆ, ಗಂಟೆಗಟ್ಟಲೆ ಎಳೆದ ಹೆರಿಗೆ. ಬಾಣಂತನ ಮುಗಿಯುವ ಮೊದಲೇ ಭಾರ ಹೊರುವುದು, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆಯಲ್ಲಿ ತಿಣುಕುವುದು ಇವೆಲ್ಲ ಸೇರಿಕೊಳ್ಳುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ನಾರುಗಳು ಇನ್ನಷ್ಟು ಬಲ ಕಳೆದುಕೊಳ್ಳುತ್ತವೆ. ಹುಟ್ಟಿನಿಂದಲೇ ನಾರು ದುರ್ಬಲವಾಗಿರುವ ಕೆಲವರಲ್ಲಿ ಒಂದು ಮಗುವೂ ಆಗದೆ ಗರ್ಭಕೋಶ ಜಾರುವುದುಂಟು.

ಗರ್ಭಕೋಶ ಇಳಿಯುವಾಗ ಒಂಟಿಯಾಗಿ ಬರುವುದಿಲ್ಲ ಎಂಬುದೂ ತಿಳಿದಿರಲಿ. ಮುಂದಿನ ಮೂತ್ರಕೋಶವನ್ನೂ ಹಿಂದಿನ ಗುದನಾಳವನ್ನೂ ಸ್ವಲ್ಪ ಎಳೆದುಕೊಂಡು ಬರುತ್ತದೆ. ಮೂತ್ರ ಸಲೀಸಾಗಿ ಹೋಗದಿರುವುದು, ಸೊಂಟ ಎಳೆಯುವುದು, ಕೈಯಿಂದ ಉಂಡೆಯನ್ನು ಒಳಗೆ ತಳ್ಳಿದರೆ ಮಾತ್ರ ಮೂತ್ರ ಬರುವುದು, ಇವೆಲ್ಲ ಅದರಿಂದಲೇ. ಗರ್ಭಕೋಶವನ್ನು ತೆಗೆದು ಸಡಿಲ ಬಿದ್ದ ಕಟ್ಟುಗಳನ್ನು ಬಿಗಿ ಮಾಡದಿದ್ದರೆ, ಗರ್ಭಕೋಶ ಇದ್ದ ಜಾಗದ ಮೇಲ್ಭಾಗವೇ ಮುಂದೊಂದು ದಿನ ಜಾರಿ ಬರಬಹುದು. ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮೊದಲ ನಂಬಿಕೆಯ ಅರ್ಧ ಬಲ ಇಲ್ಲೇ ಕುಸಿಯುತ್ತದೆ.

ಕೊರಳು ಕತ್ತರಿಸುವ ಆಪರೇಷನ್ನಿನ ತೊಡಕು

ಶಿರೋಡ್ಕರ್ ಕಲಿತ ಕಾಲದಲ್ಲಿ ಇದಕ್ಕೆ ಹೆಸರುವಾಸಿಯಾಗಿದ್ದದ್ದು ಮ್ಯಾಂಚೆಸ್ಟರ್ ಆಪರೇಷನ್. ಆ ಊರಿನ ಆರ್ಚಿಬಾಲ್ಡ್ ಡೊನಾಲ್ಡ್ 1888ರಲ್ಲಿ ಅದನ್ನು ಶುರು ಮಾಡಿದರು, ಅವರ ನಂತರ ಫೋದರ್‌ಗಿಲ್ ತಿದ್ದಿದರು. ಅದರಲ್ಲಿ ಗರ್ಭಕೋಶವನ್ನು ತೆಗೆಯುವುದಿಲ್ಲ. ಕೆಳಗೆ ಉದ್ದಕ್ಕೆ ಎಳೆದುಕೊಂಡಿರುವ ಗರ್ಭಕೋಶದ ಕೊರಳನ್ನು, ವೈದ್ಯರು ಗರ್ಭಕಂಠ ಎನ್ನುವ ಭಾಗವನ್ನು, ಕತ್ತರಿಸಿ, ಅಕ್ಕಪಕ್ಕದ ಕಟ್ಟುಗಳನ್ನು ಮುಂದಕ್ಕೆ ತಂದು ಬಿಗಿಯಾಗಿ ಹೊಲಿಯುತ್ತಾರೆ. ಹೆರಿಗೆಯ ಬಯಕೆ ಮುಗಿದ ಇಂಗ್ಲಿಷ್ ಮಹಿಳೆಗೆ ಇದು ಒಳ್ಳೆಯ ಉಪಾಯ.

ನಮ್ಮಲ್ಲಿ ತೊಡಕು ಏನೆಂದರೆ, ಗರ್ಭಕೋಶ ಜಾರಿ ಬರುವವರೆಲ್ಲ ಮುದುಕಿಯರಲ್ಲ. ಇಪ್ಪತ್ತೈದು ವರ್ಷದ, ಇನ್ನೂ ಮಗು ಬೇಕೆನ್ನುವ ಹೆಣ್ಣುಮಕ್ಕಳೂ ಅವರಲ್ಲಿದ್ದರು. ಕೊರಳು ಕತ್ತರಿಸಿದ ಮೇಲೆ ಕೆಲವರಲ್ಲಿ ಬಾಯಿ ಮುಚ್ಚಿಕೊಂಡು ಬಸಿರೇ ನಿಲ್ಲದು. ಕೆಲವರಲ್ಲಿ ಬಾಯಿ ಸಡಿಲವಾಗಿ ನಾಲ್ಕೈದು ತಿಂಗಳಿಗೆ ಗರ್ಭ ಜಾರಿಹೋಗುತ್ತದೆ. ಇನ್ನು ಕೆಲವರಲ್ಲಿ ಗಾಯದ ಕಲೆ ಗಟ್ಟಿಯಾಗಿ ಹೆರಿಗೆಯ ಹೊತ್ತಿಗೆ ಬಾಯಿ ತೆರೆಯುವುದಿಲ್ಲ. ಮಕ್ಕಳಾಗದ ಸೊಸೆಗೆ ಆ ಕಾಲದ ಮನೆಗಳಲ್ಲಿ ಏನು ಕಾದಿತ್ತು ಎಂದು ನಾವು ಬಿಡಿಸಿ ಹೇಳಬೇಕಿಲ್ಲ.

ಶಿರೋಡ್ಕರ್ ಈ ಆಪರೇಷನ್ನನ್ನು ಬದಲಿಸಿದರು. ಕೊರಳನ್ನು ಕತ್ತರಿಸದೆ ಬಿಟ್ಟು, ಗರ್ಭಕೋಶದ ಹಿಂಬದಿಯ ಕಟ್ಟುಗಳನ್ನು ಬಿಡಿಸಿ ಮುಂದಕ್ಕೆ ತಂದು ಹೊಲಿದರು. ಕಟ್ಟುಗಳೇ ತೀರಾ ಸೋತಿದ್ದರೆ? ಅದಕ್ಕೆ ಅವರು ಇನ್ನೊಂದು ದಾರಿ ಮಾಡಿದರು. ಹೊಟ್ಟೆ ತೆರೆದು, ಗರ್ಭಕೋಶದ ಹಿಂಬದಿಗೆ ಒಂದು ಪಟ್ಟಿ ಹೊಲಿದು, ಅದರ ಇನ್ನೊಂದು ತುದಿಯನ್ನು ಬೆನ್ನುಮೂಳೆಯ ಕೆಳಗಿರುವ ತ್ರಿಕಾಸ್ಥಿಯ ಮುಂಚಾಚಿಗೆ ಕಟ್ಟುವುದು. ಹಗ್ಗ ಸವೆದ ತೊಟ್ಟಿಲಿಗೆ ಹೊಸ ಹಗ್ಗ ಹಾಕಿದಂತೆ. ಇದೇ ಶಿರೋಡ್ಕರ್ ಸ್ಲಿಂಗ್. ಎಡಗಡೆ ದೊಡ್ಡಕರುಳು ಅಡ್ಡ ಬರುವುದರಿಂದ, ಅದು ಒತ್ತಿಹೋಗದಂತೆ ಪಟ್ಟಿಯನ್ನು ಸೊಂಟದ ಒಳಗಿನ ಸ್ನಾಯುವೊಂದರ ಬಳಸಿಕೊಂಡು ಒಯ್ಯಬೇಕು. ಪಕ್ಕದಲ್ಲೇ ದೊಡ್ಡ ರಕ್ತನಾಳಗಳು, ಮೂತ್ರನಾಳ. ದೇಹರಚನೆಯ ಲೆಕ್ಕದಲ್ಲಿ ಇದು ಬಲು ಸರಿಯಾದ ಆಪರೇಷನ್, ಮಾಡುವುದು ಮಾತ್ರ ಕಷ್ಟ ಎಂದು ಇವತ್ತಿಗೂ ಪಿಜಿ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಬೊಂಬಾಯಿಯ ಇನ್ನೊಬ್ಬ ವೈದ್ಯ ಪುರಂದರೆ ಪಟ್ಟಿಯನ್ನು ಹೊಟ್ಟೆಯ ಮುಂಗೋಡೆಗೆ ಕಟ್ಟುವ ಸುಲಭದ ದಾರಿ ತೋರಿಸಿದರು. ಗರ್ಭಕೋಶ ಉಳಿಸಿ ಎತ್ತಿ ಕಟ್ಟುವ ವಿಚಾರದಲ್ಲಿ ಜಗತ್ತಿಗೆ ದಾರಿ ತೋರಿದ್ದು ಆ ಊರಿನ ವೈದ್ಯರು ಎಂದರೆ ಉತ್ಪ್ರೇಕ್ಷೆಯಲ್ಲ ಎಂದು ನಮಗನಿಸುತ್ತದೆ.

1955ರ ಹೊಲಿಗೆ

ಕೊರಳಿನ ಬಗ್ಗೆ ಇಷ್ಟು ಯೋಚಿಸಿದವರಿಗೆ ಮುಂದಿನ ಹೆಜ್ಜೆ ತಾನಾಗಿ ಬಂತೋ ಏನೋ. ನಾಲ್ಕನೇ ತಿಂಗಳಿಂದ ಏಳನೇ ತಿಂಗಳ ನಡುವೆ ಮತ್ತೆಮತ್ತೆ ಗರ್ಭ ಕಳೆದುಕೊಳ್ಳುವ ಮಹಿಳೆಯರಿದ್ದರು. ನೋವಿಲ್ಲ, ಮುನ್ಸೂಚನೆ ಇಲ್ಲ, ಬಾಯಿ ತೆರೆದುಕೊಂಡು ಮಗು ಹೊರಗೆ. ಆಗ ಕೊಡುತ್ತಿದ್ದದ್ದು ಹಾಸಿಗೆ ಬಿಡದ ವಿಶ್ರಾಂತಿ ಮತ್ತು ಹಾರ್ಮೋನು. ದೋಷ ರಕ್ತದಲ್ಲಿಲ್ಲ, ಕೊರಳಿನ ಒಳಬಾಯಿಯ ಬಿಗಿಯಲ್ಲಿದೆ ಎಂಬುದು ಶಿರೋಡ್ಕರ್ ಕಂಡುಕೊಂಡದ್ದು. ಬಸುರಿ ಹೆಂಗಸಿನ ತೊಡೆಯಿಂದಲೇ ಗಟ್ಟಿ ಪೊರೆಯ ಒಂದು ಪಟ್ಟಿ ತೆಗೆದು, ಅದನ್ನು ಗರ್ಭಕೋಶದ ಕೊರಳಿನ ಸುತ್ತ ಒಳಬಾಯಿಯ ಮಟ್ಟದಲ್ಲಿ ಸುತ್ತಿ ಬಿಗಿದರು. ಮೂಟೆಯ ಬಾಯಿಗೆ ದಾರ ಕಟ್ಟಿದಂತೆ.

ಇದನ್ನು ಅವರು 1955ರಲ್ಲಿ ಪ್ರಕಟಿಸಿದ್ದು ಲಂಡನ್ನಿನ ಪತ್ರಿಕೆಯಲ್ಲಲ್ಲ. ಮದರಾಸಿನಿಂದ ಬರುತ್ತಿದ್ದ ಆಂಟಿಸೆಪ್ಟಿಕ್ ಎಂಬ ವೈದ್ಯ ಪತ್ರಿಕೆಯಲ್ಲಿ. 1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಇದರ ಸರಳ ರೂಪವನ್ನು ಬರೆದರು. ಇವತ್ತು ದೇವನಹಳ್ಳಿಯ ಬಸುರಿಗೂ ಬರ್ಲಿನ್ನಿನ ಬಸುರಿಗೂ ಹಾಕುವ ಕೊರಳ ಹೊಲಿಗೆ ಈ ಇಬ್ಬರಲ್ಲಿ ಒಬ್ಬರದು. ದೇಶ ದೇಶಗಳಿಂದ ಕರೆ ಬಂತು. ಶಿರೋಡ್ಕರ್ ವಿದೇಶಗಳಿಗೆ ಹೋಗಿ ಆಪರೇಷನ್ ಮಾಡಿ ತೋರಿಸಿದರು. 1960ರಲ್ಲಿ ಎಡಿನ್‌ಬರೋದಿಂದ ಅವರ ಪುಸ್ತಕ ಹೊರಬಂತು, ಅದೇ ವರ್ಷ ಪದ್ಮಭೂಷಣವೂ ಬಂತು.

ಉಳಿಸಿದ ಗರ್ಭಕೋಶದೊಳಗೆ ಏನಿದೆ?

ಗರ್ಭಕೋಶ ಉಳಿಸುವ ಕೆಲಸ ಇಷ್ಟು ಮುಂದೆ ಹೋದಾಗ, ಹೆಚ್ಚು ಸದ್ದು ಮಾಡದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಉಳಿಸಿದ ಅಂಗ ಒಳಗಿನಿಂದ ಚೆನ್ನಾಗಿದೆ ಎಂದು ಹೇಗೆ ಗೊತ್ತು?

ಗರ್ಭಕೋಶ ತೆಗೆದರೆ ಅದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಸೀಳಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಜಾರಿದೆ ಎಂದಷ್ಟೇ ತೆಗೆದ ಗರ್ಭಕೋಶದಲ್ಲಿ ಯಾರೂ ನಿರೀಕ್ಷಿಸದ ಕಾಯಿಲೆ ಕಾಣಿಸುವುದು ಆಗಲೇ. ಮ್ಯಾಂಚೆಸ್ಟರ್ ಆಪರೇಷನ್ನಿನಲ್ಲೂ ಕೊರಳಿನ ತುಂಡು ಕೈಗೆ ಬರುತ್ತಿತ್ತು. ಜೊತೆಗೆ ಮೊದಲಿಗೇ ಗರ್ಭಕೋಶದ ಒಳಪದರವನ್ನು ಕೆರೆದು ಪರೀಕ್ಷೆಗೆ ಕಳಿಸುವುದು, ಈಗ ಡಿ ಅಂಡ್ ಸಿ ಎಂದು ಎಲ್ಲರಿಗೂ ಗೊತ್ತಿರುವ ಕ್ರಮ, ಆ ಆಪರೇಷನ್ನಿನ ಒಂದು ಭಾಗವೇ ಆಗಿತ್ತು. ಹೊಟ್ಟೆಯ ಮೂಲಕ ಮಾಡುವ ಸ್ಲಿಂಗ್‌ನಲ್ಲಿ ಯಾವ ತುಂಡೂ ಹೊರಗೆ ಬರುವುದಿಲ್ಲ. ಮೊದಲೇ ನೋಡದಿದ್ದರೆ ಆಮೇಲೆ ನೋಡುವ ಅವಕಾಶವೇ ಇಲ್ಲ.

ಶಿರೋಡ್ಕರ್ ಕಾಲದ ವೈದ್ಯರ ಕೈಯಲ್ಲಿ ಇದ್ದದ್ದಾದರೂ ಏನು? ಬೆರಳ ಪರೀಕ್ಷೆ, ಕೆರೆದು ನೋಡುವುದು. ಅಮೆರಿಕದಲ್ಲಿ ನೆಲೆಸಿದ ಗ್ರೀಕ್ ವಿಜ್ಞಾನಿ ಪಾಪನಿಕೊಲಾವ್ ಮತ್ತು ಟ್ರಾಟ್ 1940ರ ದಶಕದ ಮೊದಲಲ್ಲಿ ತೋರಿಸಿಕೊಟ್ಟ ಪ್ಯಾಪ್ ಸ್ಮಿಯರ್ ನಿಧಾನವಾಗಿ ಬಳಕೆಗೆ ಬರುತ್ತಿತ್ತು. ಅಲ್ಟ್ರಾಸೌಂಡ್ ಬಗ್ಗೆ ಗ್ಲಾಸ್ಗೋದ ಇಯಾನ್ ಡೊನಾಲ್ಡ್ (ಮ್ಯಾಂಚೆಸ್ಟರಿನ ಡೊನಾಲ್ಡ್ ಬೇರೆ) ಬರೆದದ್ದು 1958ರಲ್ಲಿ. ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಒಳಪದರದ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವುದು ಬಂದದ್ದು ಶಿರೋಡ್ಕರ್ ತೀರಿಕೊಂಡ ಮೇಲೆ. ಅವರು ಉಳಿಸಿದ ಗರ್ಭಕೋಶಗಳು ಹೆಚ್ಚಾಗಿ ಹರೆಯದವರದ್ದಾಗಿದ್ದುದು ಈ ವಿಚಾರದಲ್ಲಿ ದೊಡ್ಡ ರಕ್ಷಣೆ. ಇಪ್ಪತ್ತೈದರ ವಯಸ್ಸಿನಲ್ಲಿ ಒಳಪದರದ ಕ್ಯಾನ್ಸರ್ ತೀರಾ ಅಪರೂಪ. ಅದೇ ಆಪರೇಷನ್ನನ್ನು ಐವತ್ತೈದರವರಿಗೆ ಮಾಡುವಾಗ ಲೆಕ್ಕ ಬದಲಾಗುತ್ತದೆ.

1971ರಲ್ಲಿ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು. ಅದೇ ವರ್ಷ ಮಾರ್ಚ್ 7ರಂದು ಅವರು ತೀರಿಕೊಂಡರು. ಎಪ್ಪತ್ತೆರಡು ತುಂಬಲು ಎರಡು ತಿಂಗಳಿಗಿಂತ ಸ್ವಲ್ಪ ಕಡಿಮೆ ಇತ್ತು.

ಎಷ್ಟು ಜನರಲ್ಲಿ ಅಡಗಿರುತ್ತದೆ?

ಜಾರಿದ ಗರ್ಭಕೋಶವನ್ನು ತೆಗೆದು ಪರೀಕ್ಷಿಸಿದಾಗ ಕಾಣುವುದರಲ್ಲಿ ಬಹುಪಾಲು ಅಪಾಯವಿಲ್ಲದ್ದು. ವಯಸ್ಸಿಗೆ ತಕ್ಕಂತೆ ತೆಳುವಾದ ಒಳಪದರ, ಕೊರಳಿನ ಹಳೆಯ ಉರಿಯೂತ, ಸಣ್ಣಪುಟ್ಟ ಫೈಬ್ರಾಯ್ಡ್ ಗಡ್ಡೆ, ಒಳಪದರ ಸ್ನಾಯುವಿನೊಳಗೆ ನುಗ್ಗುವ ಅಡೆನೊಮಯೋಸಿಸ್, ಪಾಲಿಪ್. ನಮ್ಮ ದೇಶದಲ್ಲಿ ಆಗೊಮ್ಮೆ ಈಗೊಮ್ಮೆ ಕ್ಷಯವೂ ಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಗರ್ಭಕೋಶ ತೆಗೆಯುವ ಅಗತ್ಯವೇ ಇಲ್ಲ.

ಭಯಪಡಬೇಕಾದದ್ದು ಎಷ್ಟು? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 2010ರಲ್ಲಿ ಒಂದು ಲೆಕ್ಕ ಕೊಟ್ಟರು. ಜಾರಿದ ಗರ್ಭಕೋಶಕ್ಕೆ ಆಪರೇಷನ್ ಮಾಡಿಸಿಕೊಂಡ 644 ಮಹಿಳೆಯರಲ್ಲಿ 17 ಜನರಿಗೆ, ಅಂದರೆ ಶೇಕಡಾ 2.6ರಷ್ಟು ಮಂದಿಗೆ, ಮೊದಲು ಗೊತ್ತೇ ಇರದ ಕ್ಯಾನ್ಸರ್ ಅಥವಾ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡುಬಂತು. ಒಳಪದರದ ಕ್ಯಾನ್ಸರ್ ಇದ್ದದ್ದು ಇಬ್ಬರಿಗೆ. ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದವರಲ್ಲಿ ಮಾತ್ರ ಚಿತ್ರ ಬೇರೆ. ಆಪರೇಷನ್ನಿಗೆ ಮೊದಲು ಮಾಡಿದ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಿದ್ದರೂ ಅವರಲ್ಲಿ ಶೇಕಡಾ 13ರಷ್ಟು ಮಂದಿಗೆ ಇಂಥ ಬದಲಾವಣೆ ಸಿಕ್ಕಿತು. ಇದು ಅಮೆರಿಕದ ಮಹಿಳೆಯರ ಅಂಕಿ. ಅಲ್ಲಿ ಬೊಜ್ಜು ಹೆಚ್ಚು, ಅದರ ಜೊತೆ ಒಳಪದರದ ಕ್ಯಾನ್ಸರೂ ಹೆಚ್ಚು. ಹಾಗಾಗಿ ನಮ್ಮ ತಾಲ್ಲೂಕುಗಳಿಗೆ ಅದನ್ನು ಹಾಗೆಯೇ ತಂದು ಅಂಟಿಸುವಂತಿಲ್ಲ.

ಈ ಅಂಕಿಯನ್ನು ಓದುವ ರೀತಿಯಲ್ಲೇ ಎರಡೂ ನಂಬಿಕೆಗಳು ಬೀಳುತ್ತವೆ. ನೂರಕ್ಕೆ ತೊಂಬತ್ತೇಳು ಜನರ ಗರ್ಭಕೋಶದಲ್ಲಿ ಅಂಥದ್ದೇನೂ ಇರಲಿಲ್ಲ. ಜಾರಿದ್ದರಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಇಲ್ಲಿ ಆಧಾರವಿಲ್ಲ. ಹಾಗೆಂದು ಉಳಿದ ಆ ಎರಡು ಮೂರು ಜನ ಲೆಕ್ಕಕ್ಕಿಲ್ಲದವರೂ ಅಲ್ಲ. ಅವರ ಗರ್ಭಕೋಶವನ್ನು ನೋಡದೆ ಮೇಲೆ ಕಟ್ಟಿದ್ದರೆ ಕಾಯಿಲೆ ಒಳಗೇ ಬೆಳೆಯುತ್ತಿತ್ತು.

ಅಡಗಿದ ಕಾಯಿಲೆಯಿಂದ ಇನ್ನೂ ಒಂದು ಪೇಚು ಇದೆ. ದೂರದರ್ಶಕದ ಆಪರೇಷನ್ನಿನಲ್ಲಿ, ಅಂದರೆ ಲ್ಯಾಪರೊಸ್ಕೋಪಿಯಲ್ಲಿ, ಸಣ್ಣ ತೂತಿನ ಮೂಲಕ ಗರ್ಭಕೋಶವನ್ನು ಹೊರತೆಗೆಯಲು ಯಂತ್ರದಿಂದ ಅದನ್ನು ಒಳಗೇ ಚೂರು ಮಾಡುತ್ತಿದ್ದರು. ಒಳಗೆ ಕ್ಯಾನ್ಸರ್ ಅಡಗಿದ್ದರೆ ಚೂರುಗಳ ಜೊತೆ ಅದೂ ಹೊಟ್ಟೆಯೆಲ್ಲ ಹರಡಬಹುದು. ಬಾಸ್ಟನ್ನಿನ ವೈದ್ಯೆಯೊಬ್ಬರಿಗೇ ಹೀಗಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರ ಏಪ್ರಿಲ್‌ನಲ್ಲಿ ಈ ಯಂತ್ರದ ಬಳಕೆಯ ವಿರುದ್ಧ ಎಚ್ಚರಿಕೆ ಕೊಟ್ಟಿತು. ಫೈಬ್ರಾಯ್ಡ್‌ಗೆಂದು ಆಪರೇಷನ್ ಮಾಡಿಸಿಕೊಳ್ಳುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಅಡಗಿದ ಸಾರ್ಕೋಮಾ ಇರಬಹುದು ಎಂದು ಅದು ಆಗ ಅಂದಾಜಿಸಿತ್ತು. ಜಾರಿದ ಗರ್ಭಕೋಶವನ್ನು ಹೀಗೆ ಲ್ಯಾಪರೊಸ್ಕೋಪಿಯಲ್ಲಿ ತೆಗೆಯುವವರಿಗೂ ಈ ಎಚ್ಚರಿಕೆ ತಟ್ಟಿತು.

ನಮ್ಮ ಊರಿನಲ್ಲಿ ಇದರ ಅರ್ಥವೇನು?

ಕರ್ನಾಟಕದಲ್ಲಿ ಕ್ಯಾನ್ಸರಿನ ಭಯವನ್ನು ಹೇಗೆ ದುಡಿಸಿಕೊಂಡರು ಎಂಬುದಕ್ಕೆ ಕಲಬುರಗಿ ಜಿಲ್ಲೆಯ ನೆನಪು ಇನ್ನೂ ಹಳೆಯದಾಗಿಲ್ಲ. ಹತ್ತು ವರ್ಷದ ಹಿಂದೆ ಅಲ್ಲಿನ ತಾಂಡಾಗಳ ಲಂಬಾಣಿ ಮಹಿಳೆಯರು, ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ತಮಗೆ ಗರ್ಭಕೋಶವನ್ನೇ ತೆಗೆದರು ಎಂದು ಬೀದಿಗಿಳಿದಿದ್ದರು. ಅವರಲ್ಲಿ ಬಹಳಷ್ಟು ಜನ ಇನ್ನೂ ಹರೆಯದವರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಶಿರೋಡ್ಕರ್ ಒಂದೊಂದು ಕೊರಳನ್ನು ಉಳಿಸಲು ಹೆಣಗಿದ ದೇಶದಲ್ಲೇ ಇದೂ ನಡೆಯಿತು.

ಹಾಗಾದರೆ ದೊಡ್ಡಬಳ್ಳಾಪುರದ ಮಗ್ಗದ ಮನೆಯ ಐವತ್ತೆಂಟರ ಅಮ್ಮನಿಗೆ ಗರ್ಭಕೋಶ ಜಾರಿದೆ ಎಂದುಕೊಳ್ಳಿ. ಏನು ಮಾಡಬೇಕು?

ಮೊದಲು, ಜಾರಿದ ಎಲ್ಲದಕ್ಕೂ ಆಪರೇಷನ್ ಬೇಡ. ಸ್ವಲ್ಪವೇ ಇಳಿದಿದ್ದರೆ ತಳದ ಸ್ನಾಯು ಬಿಗಿ ಮಾಡುವ ವ್ಯಾಯಾಮ, ಮಲಬದ್ಧತೆ ಮತ್ತು ಕೆಮ್ಮಿಗೆ ಔಷಧ, ಭಾರ ಹೊರುವುದನ್ನು ನಿಲ್ಲಿಸುವುದು ಸಾಕಾಗಬಹುದು. ಭಾರ ಹೊರಬೇಡಿ ಎಂದು ಬರೆಯುವುದು ನಮಗೆ ಸುಲಭ, ಮನೆಯಲ್ಲಿ ಬೇರೆ ಕೈಯಿಲ್ಲದವರಿಗೆ ಅದು ಎಷ್ಟು ಕಷ್ಟ ಎಂಬುದೂ ಗೊತ್ತು. ಒಳಗೆ ಇಟ್ಟು ಗರ್ಭಕೋಶವನ್ನು ಎತ್ತಿ ಹಿಡಿಯುವ ರಿಂಗ್ ಪೆಸರಿ ಎಂಬ ಬಳೆಯಂಥ ಸಾಧನವೂ ಇದೆ. ಆಪರೇಷನ್ ತಡೆದುಕೊಳ್ಳಲಾಗದವರಿಗೆ ಅದು ವರ್ಷಗಟ್ಟಲೆ ನೆರವಾಗುತ್ತದೆ, ಆಗಾಗ ತೆಗೆದು ತೊಳೆದು ನೋಡಬೇಕು ಅಷ್ಟೆ.

ಆಪರೇಷನ್ ಬೇಕೆಂದಾದರೆ, ಗರ್ಭಕೋಶ ಉಳಿಸಲಿ ತೆಗೆಯಲಿ, ಮುಂಚೆ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಮುಟ್ಟು ನಿಂತ ಮೇಲೆ ರಕ್ತ ಕಂಡಿತ್ತೇ? ಒಂದೇ ಒಂದು ದಿನ, ಒಂದೇ ಒಂದು ಕಲೆ ಆದರೂ ಡಾಕ್ಟರಿಗೆ ಹೇಳಬೇಕು. ಜಾರಿದ ಭಾಗ ಉಜ್ಜಿ ಗಾಯವಾಗಿ ರಕ್ತ ಬಂದಿರಬಹುದು ಎಂದು ಮನೆಯವರೇ ತೀರ್ಮಾನಿಸಿ ಸುಮ್ಮನಾಗುವುದುಂಟು. ಹೊರಗೆ ಬಂದ ಕೊರಳಿನ ಮೇಲೆ ರಕ್ತ ಕಟ್ಟಿ, ಉಜ್ಜಿ ಹುಣ್ಣಾಗುವುದು ನಿಜ. ಅದನ್ನು ಒಳಗೆ ಸೇರಿಸಿ ಔಷಧದ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ವಾರ, ಎರಡು ವಾರದಲ್ಲಿ ಮಾಯುತ್ತದೆ. ಮಾಯದ ಹುಣ್ಣಿನಿಂದ ತುಂಡು ತೆಗೆದು ಬಯಾಪ್ಸಿ ಮಾಡಿಸಲೇಬೇಕು.

ರಕ್ತ ಕಂಡಿದ್ದವರಿಗೆ ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಒಳಪದರ ಅಳೆಯುತ್ತಾರೆ. ಮುಟ್ಟು ನಿಂತವರಲ್ಲಿ ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಒಳಪದರದ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಕಡಿಮೆ. ದಪ್ಪವಿದ್ದರೆ, ಅಥವಾ ತೆಳುವಿದ್ದರೂ ರಕ್ತ ಮತ್ತೆಮತ್ತೆ ಕಂಡರೆ, ಒಳಪದರದ ಚೂರು ತೆಗೆದು ನೋಡಬೇಕು. ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿಸಿ ಕಿಡ್ನಿಯನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು. ಪೂರ್ತಿ ಹೊರಗೆ ಬಂದ ಗರ್ಭಕೋಶ ಮೂತ್ರನಾಳವನ್ನು ಬಗ್ಗಿಸಿ ಕಿಡ್ನಿ ಊದುವಂತೆ ಮಾಡುತ್ತದೆ, ನೋವೇ ಇಲ್ಲದೆ.

ಪ್ಯಾಪ್ ಸ್ಮಿಯರ್ ಸರಿಯಾಗಿ ಬಂದಿದೆ, ಇನ್ನೇನು ಭಯ ಎಂದು ಕೇಳುವವರಿದ್ದಾರೆ. ಅದು ನೋಡುವುದು ಕೊರಳಿನ ಜೀವಕೋಶಗಳನ್ನು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಎರಡೂ ಬೇರೆ ಬೇರೆ ಪರೀಕ್ಷೆ, ಒಂದರ ಫಲಿತಾಂಶ ಇನ್ನೊಂದಕ್ಕೆ ಸಲ್ಲದು. ಇತ್ತ ರಕ್ತವೇ ಕಾಣದ, ಬೇರೆ ತೊಂದರೆಯಿಲ್ಲದ ಎಲ್ಲರಿಗೂ ಒಳಪದರ ಕೆರೆಯಬೇಕೆ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಮಧುಮೇಹ, ಬೊಜ್ಜು, ಮನೆತನದಲ್ಲಿ ಗರ್ಭಕೋಶದ ಅಥವಾ ಕರುಳಿನ ಕ್ಯಾನ್ಸರ್ ಇದ್ದವರು, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಂಡವರು ಅದನ್ನು ಹೇಳಿದರೆ ಡಾಕ್ಟರು ಬೇರೆಯಾಗಿ ಯೋಚಿಸುತ್ತಾರೆ. ಇಂಥವರಲ್ಲಿ ಗರ್ಭಕೋಶ ಉಳಿಸುವ ಆಪರೇಷನ್ ಸೂಕ್ತವಲ್ಲದಿರಬಹುದು.

ಆಪರೇಷನ್ ಆದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಬಹಳಷ್ಟು ಮನೆಗಳಲ್ಲಿ ಅದನ್ನು ಮರೆಯುತ್ತಾರೆ. ಹೊಲಿಗೆ ಬಿಚ್ಚಿಸಲು ಹೋಗುವ ದಿನಕ್ಕೆ ಬಯಾಪ್ಸಿ ವರದಿ ಬಂದಿರುವುದಿಲ್ಲ. ಅಮ್ಮ ಚೆನ್ನಾಗಿ ಓಡಾಡುತ್ತಿದ್ದಾಳೆ, ಬೆಂಗಳೂರಿಗೆ ಇನ್ನೊಮ್ಮೆ ಬಸ್ಸು ಹತ್ತಲು ಯಾರಿಗೂ ಪುರುಸೊತ್ತಿಲ್ಲ. ವರದಿ ಆಸ್ಪತ್ರೆಯ ಕಪಾಟಿನಲ್ಲೇ ಉಳಿಯುತ್ತದೆ. ಅಡಗಿದ್ದ ಕಾಯಿಲೆ ಪತ್ತೆಯಾದರೂ ಆ ಕಾಗದ ಮನೆಗೆ ಬರದಿದ್ದರೆ ಅದು ಅಡಗಿದಂತೆಯೇ. ಡಿಸ್ಚಾರ್ಜ್ ಚೀಟಿಯಲ್ಲಿ ಲ್ಯಾಬ್ ನಂಬರ್ ಬರೆಸಿಕೊಳ್ಳಿ. ವರದಿ ಯಾವತ್ತು ಸಿಗುತ್ತದೆ ಎಂದು ಕೇಳಿ, ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ಆ ದಿನಾಂಕ ತಿಳಿಸಿಡಿ. ಈಗಾಗಲೇ ವರ್ಷ ಕಳೆದಿದ್ದರೂ ಹೋಗಿ ಕೇಳಬಹುದು. ಮೇಣದ ಅಚ್ಚಿನಲ್ಲಿಟ್ಟ ತುಂಡುಗಳನ್ನೂ ಗಾಜಿನ ಸ್ಲೈಡುಗಳನ್ನೂ ಪೆಥಾಲಜಿ ವಿಭಾಗಗಳು ವರ್ಷಗಟ್ಟಲೆ ಜೋಪಾನ ಮಾಡಿರುತ್ತವೆ.